ಐದನೆಯ ವರ್ಷ ಯಾರ ಕೈಯಲ್ಲಿ?

ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವುದು ನಾವು ಬಲ್ಲ ಕಾಲ್ಚೆಂಡಿನಾಟವನ್ನಲ್ಲ. ತಲೆಗೆ ಹೆಲ್ಮೆಟ್, ಭುಜಕ್ಕೆ ಕವಚ ತೊಟ್ಟ ಆಳುಗಳು ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಎದುರಾಳಿಗಳ ಗೋಡೆಯನ್ನು ಸೀಳಿಕೊಂಡು ನುಗ್ಗುವ ಆಟ ಅದು. ಅದರ ಅತಿ ದೊಡ್ಡ ವೃತ್ತಿಪರ ಒಕ್ಕೂಟ ನ್ಯಾಷನಲ್ ಫುಟ್‌ಬಾಲ್ ಲೀಗ್. ಚಿಕ್ಕದಾಗಿ ಎನ್‌ಎಫ್‌ಎಲ್. ಅದರಲ್ಲಿರುವ ತಂಡಗಳು 32. ಪ್ರತಿ ವರ್ಷ ಮೇ ತಿಂಗಳ ಮೊದಲ ದಿನಗಳಲ್ಲಿ, ಪಂದ್ಯಗಳಿಲ್ಲದೆ ಮೈದಾನಗಳು ಬರಿದಾಗಿರುವ ಹೊತ್ತಿನಲ್ಲಿ, ಈ ತಂಡಗಳ ಕಚೇರಿಗಳಲ್ಲಿ ಒಂದು ತೀರ್ಮಾನ ಆಗಲೇಬೇಕು. ಮೂರು ವರ್ಷಗಳ ಹಿಂದೆ ಕಾಲೇಜಿನಿಂದ ಮೊದಲ ಸುತ್ತಿನಲ್ಲೇ ಆರಿಸಿ ತಂದ ಹುಡುಗನನ್ನು ಐದನೆಯ ವರ್ಷಕ್ಕೂ ಇಟ್ಟುಕೊಳ್ಳುವುದೇ, ಬಿಡುವುದೇ? ಇಟ್ಟುಕೊಂಡರೆ ಕೊಡಬೇಕಾದ ಸಂಬಳ ಎಷ್ಟೆಂಬುದು ಮೊದಲೇ ಗೊತ್ತು. ತೀರ್ಮಾನ ತಂಡದ್ದು. ಹುಡುಗನ ಒಪ್ಪಿಗೆಯನ್ನು ಯಾರೂ ಕೇಳುವುದಿಲ್ಲ, ಕೇಳಬೇಕಾದ ಅಗತ್ಯವೂ ಕರಾರಿನಲ್ಲಿಲ್ಲ.

ಇದಕ್ಕೆ ಅಲ್ಲಿನವರು ಇಟ್ಟ ಹೆಸರು ‘ಐದನೆಯ ವರ್ಷದ ಆಪ್ಷನ್’. ಆಪ್ಷನ್ ಎಂದರೆ ಆಯ್ಕೆ. ಆದರೆ ಆಯ್ಕೆ ಇರುವುದು ಒಂದು ಕಡೆಗೆ ಮಾತ್ರ. ಬಾಡಿಗೆಗೆ ಬಂದವನು, ‘ಐದನೆಯ ವರ್ಷವೂ ಇರುವ ಹಕ್ಕು ನನ್ನದು, ಬಿಟ್ಟು ಹೋಗುವ ಹಕ್ಕೂ ನನ್ನದು, ನಾನು ಹೇಳುವ ತನಕ ನೀವು ಬೇರೆಯವರಿಗೆ ಮನೆ ತೋರಿಸುವಂತಿಲ್ಲ’ ಎಂದು ಮನೆಯೊಡೆಯನಿಂದ ಬರೆಸಿಕೊಂಡರೆ ಹೇಗೋ ಹಾಗೆ. ವ್ಯತ್ಯಾಸವೆಂದರೆ ಇಲ್ಲಿ ಬಾಡಿಗೆಗೆ ಹೋಗಿರುವುದು ಇಪ್ಪತ್ತೈದರ ಆಸುಪಾಸಿನ ಒಂದು ದೇಹ. ಆ ದೇಹ ಪ್ರತಿ ವಾರವೂ ನೂರು ಕಿಲೋ ಮೀರಿದ ಆಳುಗಳ ಜೊತೆ ಡಿಕ್ಕಿ ಹೊಡೆಯುತ್ತಿರುತ್ತದೆ.

ಹರಾಜಲ್ಲ, ಸರದಿ

ಐಪಿಎಲ್ ಹರಾಜನ್ನು ಟಿ.ವಿ.ಯಲ್ಲಿ ನೋಡಿದವರಿಗೆ ಎನ್‌ಎಫ್‌ಎಲ್ ರೀತಿ ವಿಚಿತ್ರವೆನಿಸಬಹುದು. ನಮ್ಮಲ್ಲಿ ಆಟಗಾರನ ಹೆಸರು ಕೂಗಿದೊಡನೆ ತಂಡಗಳು ಪೈಪೋಟಿಯಿಂದ ಬೆಲೆ ಏರಿಸುತ್ತವೆ. ಅಲ್ಲಿ ಏಪ್ರಿಲ್ ಕೊನೆಯಲ್ಲಿ ನಡೆಯುವ ‘ಡ್ರಾಫ್ಟ್’ನಲ್ಲಿ ಬೆಲೆ ಕೂಗುವ ಮಾತೇ ಇಲ್ಲ. ಹಿಂದಿನ ವರ್ಷ ಕೊನೆಯಲ್ಲಿ ನಿಂತ ತಂಡಕ್ಕೆ ಮೊದಲ ಸರದಿ, ಗೆದ್ದ ತಂಡಕ್ಕೆ ಕಡೆಯ ಸರದಿ. ಸರದಿ ಬಂದಾಗ ತಂಡ ಒಬ್ಬನ ಹೆಸರು ಹೇಳುತ್ತದೆ. ಅಲ್ಲಿಗೆ ಆ ಹುಡುಗ ಲೀಗಿನಲ್ಲಿ ಬೇರೆ ಯಾರ ಜೊತೆಗೂ ಮಾತಾಡುವಂತಿಲ್ಲ. ಇಂಥ ಸುತ್ತುಗಳು ಈಗ ಏಳು. ಸರದಿಯನ್ನು ತಂಡಗಳು ತಮ್ಮತಮ್ಮೊಳಗೆ ಕೊಟ್ಟು ಕೊಳ್ಳಬಹುದು, ಮುಂದಿನ ವರ್ಷಗಳ ಸರದಿಯನ್ನೂ ಪಣಕ್ಕಿಡಬಹುದು.

ಈ ಪದ್ಧತಿಯ ಮೂಲ ಪುರುಷ ಬರ್ಟ್ ಬೆಲ್. ಫಿಲಡೆಲ್ಫಿಯಾದ ಈಗಲ್ಸ್ ತಂಡದ ಒಡೆಯರಾಗಿದ್ದ ಅವರಿಗೆ ಸೋಲಿನ ಮೇಲೆ ಸೋಲು. ಒಳ್ಳೆಯ ಆಟಗಾರರೆಲ್ಲ ಹಣವಿದ್ದ ದೊಡ್ಡ ತಂಡಗಳ ಪಾಲಾಗುತ್ತಿದ್ದರು. ದುರ್ಬಲರಿಗೆ ಮೊದಲ ಆಯ್ಕೆ ಕೊಡೋಣ ಎಂದು 1935ರಲ್ಲಿ ಅವರು ಮುಂದಿಟ್ಟ ಸಲಹೆಯನ್ನು ಉಳಿದ ಒಡೆಯರು ಒಪ್ಪಿದರು. 1936ರ ಫೆಬ್ರುವರಿಯಲ್ಲಿ ಫಿಲಡೆಲ್ಫಿಯಾದ ಒಂದು ಹೋಟೆಲಿನಲ್ಲಿ ಮೊದಲ ಡ್ರಾಫ್ಟ್ ನಡೆಯಿತು. ಮೊದಲಿಗರಾಗಿ ಆಯ್ಕೆಯಾದವರು ಷಿಕಾಗೊ ವಿಶ್ವವಿದ್ಯಾಲಯದ ಜೇ ಬರ್‌ವ್ಯಾಂಗರ್. ತಮಾಷೆಯೆಂದರೆ ಅವರು ಎನ್‌ಎಫ್‌ಎಲ್‌ನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಕೇಳಿದ ಸಂಬಳ ಸಿಗಲಿಲ್ಲ, ಬೇರೆ ಉದ್ಯೋಗ ಹಿಡಿದರು. ಬೇಡವೆಂದರೆ ಆಟವನ್ನೇ ಬಿಡಬೇಕು ಎಂಬ ನಿಯಮವನ್ನು ಮೊದಲ ಆಯ್ಕೆಯೇ ಪಾಲಿಸಿದಂತಾಯಿತು.

ಸಮತೋಲನಕ್ಕಾಗಿ ಎಂದು ಬಂದ ಈ ವ್ಯವಸ್ಥೆಯಿಂದ ಸಂಬಳದ ಪೈಪೋಟಿಯೂ ನಿಂತಿತು. ಒಡೆಯರಿಗೆ ಎರಡೂ ಬೇಕಾಗಿತ್ತು ಎನ್ನುವುದರಲ್ಲಿ ಅನುಮಾನವಿಲ್ಲ.

ಹಳೆಯ ಆಪ್ಷನ್

‘ಆಪ್ಷನ್’ ಎಂಬ ಮಾತು ಈ ಆಟಕ್ಕೆ ಹೊಸದಲ್ಲ. 1960ರ ದಶಕದ ಆಟಗಾರನ ಕರಾರಿನಲ್ಲಿ ಒಂದು ಸಾಲು ಇರುತ್ತಿತ್ತು. ಕರಾರು ಮುಗಿದರೂ ತಂಡ ಬಯಸಿದರೆ ಇನ್ನೊಂದು ವರ್ಷ ಅವನನ್ನು ಉಳಿಸಿಕೊಳ್ಳಬಹುದು, ಅದೂ ಹಿಂದಿನ ಸಂಬಳದ ಶೇಕಡ 90ಕ್ಕೆ. ಹೊಸ ಕರಾರಿಗೆ ಸಹಿ ಹಾಕದೆ ಹಟ ಹಿಡಿದವನು ಕಡಿತದ ಸಂಬಳಕ್ಕೆ ಒಂದು ವರ್ಷ ಆಡಿ ‘ಆಪ್ಷನ್ ತೀರಿಸಿ’ ಹೊರಬರಬೇಕಿತ್ತು. ಹೊರಬಂದವರು ಬಲು ಅಪರೂಪ.

ಹಾಗೆ ಹೊರಬಂದವರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ತಂಡದ ಆರ್.ಸಿ. ಓವೆನ್ಸ್ ಒಬ್ಬರು. ಎತ್ತರಕ್ಕೆ ಎಸೆದ ಚೆಂಡನ್ನು ರಕ್ಷಕರ ತಲೆಯ ಮೇಲೆ ಜಿಗಿದು ಹಿಡಿಯುವುದರಲ್ಲಿ ಅವರಿಗೆ ಹೆಸರು. ಆಪ್ಷನ್ ವರ್ಷ ತೀರಿಸಿದ ಅವರು 1962ರಲ್ಲಿ ಬಾಲ್ಟಿಮೋರ್ ತಂಡ ಸೇರಿದರು. ಒಡೆಯರಿಗೆ ಗಾಬರಿಯಾಯಿತು. ಮರುವರ್ಷವೇ ಹೊಸ ನಿಯಮ ಬಂತು. ಹೀಗೆ ಬಂದವನನ್ನು ಸೇರಿಸಿಕೊಳ್ಳುವ ತಂಡ, ಕಳೆದುಕೊಂಡ ತಂಡಕ್ಕೆ ಪರಿಹಾರವಾಗಿ ಆಟಗಾರರನ್ನೋ ಡ್ರಾಫ್ಟ್ ಸರದಿಗಳನ್ನೋ ಕೊಡಬೇಕು. ತಂಡಗಳು ತಾವೇ ಒಪ್ಪಂದಕ್ಕೆ ಬರದಿದ್ದರೆ ಎಷ್ಟು ಕೊಡಬೇಕೆಂದು ಲೀಗಿನ ಕಮಿಷನರ್ ಪೀಟ್ ರೋಜೆಲ್ ತೀರ್ಮಾನಿಸುತ್ತಾರೆ. ಇದೇ ‘ರೋಜೆಲ್ ನಿಯಮ’. ಎಷ್ಟು ತೆರಬೇಕಾದೀತೆಂದು ಮೊದಲೇ ಗೊತ್ತಿಲ್ಲದ ಮಾಲಿಗೆ ಯಾರು ಕೈ ಹಾಕುತ್ತಾರೆ? ಬಾಗಿಲು ಮುಚ್ಚಿರಲಿಲ್ಲ, ಆದರೆ ಅದರ ಹೊರಗೆ ನಿಂತು ಬರಮಾಡಿಕೊಳ್ಳುವವರೇ ಇರಲಿಲ್ಲ.

ಬಾಲ್ಟಿಮೋರ್ ತಂಡದಲ್ಲೇ ಆಡಿ ಆಟಗಾರರ ಸಂಘದ ಅಧ್ಯಕ್ಷರೂ ಆಗಿದ್ದ ಜಾನ್ ಮ್ಯಾಕಿ ಈ ನಿಯಮದ ವಿರುದ್ಧ ನ್ಯಾಯಾಲಯಕ್ಕೆ ಹೋದರು. 1976ರಲ್ಲಿ ಮೇಲ್ಮನವಿ ನ್ಯಾಯಾಲಯ ರೋಜೆಲ್ ನಿಯಮ ಪೈಪೋಟಿ ಕಾನೂನಿಗೆ ವಿರುದ್ಧವೆಂದು ಹೇಳಿತು. ಗೆದ್ದರೂ ಆಟಗಾರರಿಗೆ ತಕ್ಷಣ ಬಿಡುಗಡೆ ಸಿಗಲಿಲ್ಲ. ಸಂಘ ಮತ್ತು ಒಡೆಯರ ನಡುವೆ ಮರುವರ್ಷ ಆದ ಒಪ್ಪಂದದಲ್ಲಿ ಪರಿಹಾರದ ಕಟ್ಟುಪಾಡು ಬೇರೆ ವೇಷದಲ್ಲಿ ಮರಳಿತು. ಕರಾರು ಮುಗಿದ ಆಟಗಾರ ನಿಜವಾಗಿ ತನಗೆ ಬೇಕಾದಲ್ಲಿಗೆ ಹೋಗಬಹುದಾದದ್ದು 1993ರಲ್ಲಿ, ಇನ್ನೊಂದು ದೊಡ್ಡ ಮೊಕದ್ದಮೆಯ ನಂತರ. ಅದಕ್ಕೆ ಪ್ರತಿಯಾಗಿ ಒಡೆಯರು ಪಡೆದದ್ದು ಸಂಬಳದ ಮಿತಿಯನ್ನು. 1994ರಿಂದ ಒಂದು ತಂಡ ತನ್ನ ಎಲ್ಲ ಆಟಗಾರರಿಗೆ ಸೇರಿ ಇಂತಿಷ್ಟಕ್ಕಿಂತ ಹೆಚ್ಚು ಕೊಡುವಂತಿಲ್ಲ. ಆ ವರ್ಷ ಮಿತಿ 3.46 ಕೋಟಿ ಡಾಲರ್. 2024ರಲ್ಲಿ 25.54 ಕೋಟಿ. ಈ ಮಿತಿಯೊಂದನ್ನು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ. ಒಬ್ಬನಿಗೆ ಹೆಚ್ಚು ಕೊಟ್ಟರೆ ಇನ್ನೊಬ್ಬನಿಗೆ ಕಡಿಮೆ. ಅಗ್ಗವಾಗಿ ಚೆನ್ನಾಗಿ ಆಡುವ ಹುಡುಗನೇ ತಂಡದ ನಿಜವಾದ ಸಂಪತ್ತು.

ಇಷ್ಟಾದರೂ ಹೊಸಬರ ಸಂಬಳಕ್ಕೆ ಕಡಿವಾಣವಿರಲಿಲ್ಲ. ಓಕ್‌ಲ್ಯಾಂಡ್ ರೈಡರ್ಸ್ ತಂಡ 2007ರಲ್ಲಿ ಮೊದಲ ಆಯ್ಕೆಯಾದ ಜಮಾರ್ಕಸ್ ರಸೆಲ್‌ಗೆ 3 ಕೋಟಿ ಡಾಲರಿಗೂ ಹೆಚ್ಚಿನ ಖಾತರಿ ಹಣ ಕೊಟ್ಟು, ಮೂರೇ ವರ್ಷದಲ್ಲಿ ಮನೆಗೆ ಕಳಿಸಿತು. 2010ರ ಮೊದಲ ಆಯ್ಕೆ ಸ್ಯಾಮ್ ಬ್ರಾಡ್‌ಫರ್ಡ್ ಅವರದು ಆರು ವರ್ಷಕ್ಕೆ 7.8 ಕೋಟಿಯ ಕರಾರು. ಅದರಲ್ಲಿ 5 ಕೋಟಿ ಖಾತರಿ. ಒಂದು ಪಂದ್ಯವನ್ನೂ ಆಡದ ಹುಡುಗ, ಹತ್ತು ವರ್ಷ ಮೈ ಸವೆಸಿದವನಿಗಿಂತ ಹೆಚ್ಚು ಪಡೆಯುತ್ತಿದ್ದುದು ಹಿರಿಯ ಆಟಗಾರರಿಗೂ ಸಹಿಸಲಿಲ್ಲ. 2011ರಲ್ಲಿ ಒಡೆಯರು ನಾಲ್ಕೂವರೆ ತಿಂಗಳು ಲಾಕೌಟ್ ಮಾಡಿದಾಗ ರಾಜಿಯ ಮೇಜಿನ ಮೇಲೆ ಮೊದಲು ಬಲಿಯಾದದ್ದು ಹೊಸಬರ ಸಂಬಳವೇ. ಅದು ಸಹಜವೂ ಹೌದು. ಇನ್ನೂ ಕಾಲೇಜಿನಲ್ಲಿರುವ ಹುಡುಗ ಸಂಘದ ಸದಸ್ಯನಲ್ಲ, ಅವನಿಗೆ ಮತವಿಲ್ಲ. ಅವನ ಪಾಲನ್ನು ಬಿಟ್ಟುಕೊಟ್ಟವರು ಅವನಿಗಿಂತ ಮೊದಲೇ ಒಳಗೆ ಬಂದವರು.

ಆ ವರ್ಷದ ಮೊದಲ ಆಯ್ಕೆ ಕ್ಯಾಮ್ ನ್ಯೂಟನ್ ಅವರಿಗೆ ಸಿಕ್ಕಿದ್ದು ನಾಲ್ಕು ವರ್ಷಕ್ಕೆ 2.2 ಕೋಟಿ. ಹಿಂದಿನ ವರ್ಷದ ಖಾತರಿ ಹಣದ ಅರ್ಧವೂ ಅಲ್ಲ. ಡ್ರಾಫ್ಟಿನಲ್ಲಿ ಬಂದ ಪ್ರತಿಯೊಬ್ಬನಿಗೂ ನಾಲ್ಕು ವರ್ಷದ ಕರಾರು, ಸರದಿಯ ಸಂಖ್ಯೆಗೆ ತಕ್ಕಂತೆ ಹೆಚ್ಚುಕಡಿಮೆ ನಿಗದಿಯಾದ ಸಂಬಳ. ಮೂರು ವರ್ಷ ತುಂಬುವ ತನಕ, ಎಷ್ಟೇ ಚೆನ್ನಾಗಿ ಆಡಿದರೂ, ಕರಾರು ಬದಲಿಸುವಂತಿಲ್ಲ. ಮೊದಲ ಸುತ್ತಿನವರಿಗೆ ಮಾತ್ರ ಇದರ ಮೇಲೆ ಐದನೆಯ ವರ್ಷದ ಆಪ್ಷನ್. ಹಳೆಯ ಆಪ್ಷನ್‌ನಲ್ಲಿ ಸಂಬಳ ಕಡಿತವಾಗುತ್ತಿತ್ತು, ಹೊಸದರಲ್ಲಿ ಏರುತ್ತದೆ, ಕೆಲವರಿಗೆ ಹಲವು ಪಟ್ಟು. ಆದರೆ ಬೀಗದ ಕೈ ಇರುವುದು ಅದೇ ಜೇಬಿನಲ್ಲಿ.

ಎಷ್ಟು ಏರುತ್ತದೆ ಎನ್ನುವುದಕ್ಕೆ ಮೊದಲು ಇದ್ದ ಲೆಕ್ಕ ಸ್ವಲ್ಪ ಮೊಂಡು. ಮೊದಲ ಹತ್ತು ಸರದಿಯಲ್ಲಿ ಬಂದವನಾದರೆ ಅವನ ಸ್ಥಾನದಲ್ಲಿ ಆಡುವ ಅತಿ ಹೆಚ್ಚು ಸಂಬಳದ ಹತ್ತು ಮಂದಿಯ ಸರಾಸರಿ. ಹನ್ನೊಂದರಿಂದ ಮುಂದಿನವನಾದರೆ ಮೂರನೆಯವನಿಂದ ಇಪ್ಪತ್ತೈದನೆಯವನ ತನಕದ ಸರಾಸರಿ. ಆಡಿದ ಆಟ ಈ ಲೆಕ್ಕದಲ್ಲಿ ಬರುವುದೇ ಇಲ್ಲ. ಹ್ಯೂಸ್ಟನ್ ತಂಡದ ಜೆ.ಜೆ. ವಾಟ್ 2012ರಲ್ಲಿ ಇಡೀ ಲೀಗಿನ ಅತ್ಯುತ್ತಮ ರಕ್ಷಣಾ ಆಟಗಾರ ಎನಿಸಿಕೊಂಡರು. ಆದರೆ 2011ರ ಡ್ರಾಫ್ಟಿನಲ್ಲಿ ಅವರ ಸರದಿ ಹನ್ನೊಂದು. ಒಂದೇ ಸ್ಥಾನದಿಂದ ಮೇಲಿನ ದರ್ಜೆ ತಪ್ಪಿ, ಅವರ ಐದನೆಯ ವರ್ಷದ ಬೆಲೆ ಸುಮಾರು 70 ಲಕ್ಷ ಡಾಲರ್ ಎಂದು ನಿಂತಿತು. (ತಂಡ ಆ ವರ್ಷವೇ ಅವರ ಜೊತೆ ದೊಡ್ಡ ಕರಾರು ಮಾಡಿಕೊಂಡದ್ದರಿಂದ ಅನ್ಯಾಯ ಕಾಗದದ ಮೇಲೆಯೇ ಉಳಿಯಿತು.)

ಆಡಿಸಲು ಹೆದರಿದ ವರ್ಷ

ಈ ಕರಾರಿನ ಹೊಟ್ಟೆಯಲ್ಲಿ ಏನಿತ್ತೆಂದು ಎಲ್ಲರಿಗೂ ತಿಳಿದದ್ದು ವಾಷಿಂಗ್ಟನ್ ತಂಡದ ಇಬ್ಬರು ಕ್ವಾರ್ಟರ್‌ಬ್ಯಾಕ್‌ಗಳಿಂದ. ಕ್ವಾರ್ಟರ್‌ಬ್ಯಾಕ್ ಎಂದರೆ ಚೆಂಡನ್ನು ಎಸೆದು ಇಡೀ ಆಟವನ್ನು ನಡೆಸುವವನು, ತಂಡದ ಸಾರಥಿ. 2012ರ ಡ್ರಾಫ್ಟಿನಲ್ಲಿ ಎರಡನೆಯ ಸರದಿಗೆ ಏರುವುದಕ್ಕಾಗಿ ವಾಷಿಂಗ್ಟನ್ ಮೂರು ಮೊದಲ ಸುತ್ತಿನ ಸರದಿಗಳನ್ನೂ ಒಂದು ಎರಡನೆಯ ಸುತ್ತಿನದನ್ನೂ ಬಿಟ್ಟುಕೊಟ್ಟಿತು. ಹಾಗೆ ತಂದದ್ದು ರಾಬರ್ಟ್ ಗ್ರಿಫಿನ್ ಅವರನ್ನು. ಅದೇ ಡ್ರಾಫ್ಟಿನ ನಾಲ್ಕನೆಯ ಸುತ್ತಿನಲ್ಲಿ, 102ನೆಯವರಾಗಿ, ಕರ್ಕ್ ಕಸಿನ್ಸ್ ಎಂಬ ಇನ್ನೊಬ್ಬ ಕ್ವಾರ್ಟರ್‌ಬ್ಯಾಕನ್ನೂ ತಂಡ ಆರಿಸಿತು. ಆಗ ಅದನ್ನು ಯಾರೂ ಅಷ್ಟು ಗಮನಿಸಲಿಲ್ಲ.

ಗ್ರಿಫಿನ್ ಮೊದಲ ವರ್ಷವೇ ಮಿಂಚಿದರು. ವರ್ಷದ ಶ್ರೇಷ್ಠ ಹೊಸಬ ಎಂಬ ಪ್ರಶಸ್ತಿಯೂ ಬಂತು. 2013ರ ಜನವರಿಯಲ್ಲಿ ಸಿಯಾಟಲ್ ವಿರುದ್ಧದ ನಾಕೌಟ್ ಪಂದ್ಯದಲ್ಲಿ, ಮೊದಲೇ ಪೆಟ್ಟಾಗಿದ್ದ ಮೊಣಕಾಲು ಮಡಚಿ ಬಿದ್ದರು. ಶಸ್ತ್ರಚಿಕಿತ್ಸೆಯಾಯಿತು. ಮರಳಿ ಬಂದರೂ ಮೊದಲಿನ ಓಟವಿರಲಿಲ್ಲ. 2014ರಲ್ಲಿ ಪಾದದ ಕೀಲು ತಪ್ಪಿತು. ಇಷ್ಟಾದರೂ 2015ರ ವಸಂತದಲ್ಲಿ ತಂಡ ಅವರ ಐದನೆಯ ವರ್ಷದ ಆಪ್ಷನ್ ಚಲಾಯಿಸಿತು. ಅಂದರೆ 2016ರ ಆಟಕ್ಕೆ ಸುಮಾರು 1 ಕೋಟಿ 61 ಲಕ್ಷ ಡಾಲರ್.

ಚಲಾಯಿಸುವುದರಲ್ಲಿ ತಂಡಕ್ಕೆ ನಷ್ಟವೇನೂ ಕಾಣಲಿಲ್ಲ. ಏಕೆಂದರೆ ಅಂದಿನ ನಿಯಮದಂತೆ ಆ ಹಣಕ್ಕೆ ಪೂರ್ತಿ ಖಾತರಿ ಇರಲಿಲ್ಲ. 2016ರ ಮಾರ್ಚಿನಲ್ಲಿ ಲೀಗಿನ ಹೊಸ ವರ್ಷ ಹುಟ್ಟುವ ಮೊದಲು ಆಟಗಾರನನ್ನು ಬಿಟ್ಟುಬಿಟ್ಟರೆ ಒಂದು ಕಾಸೂ ಕೊಡಬೇಕಾಗಿರಲಿಲ್ಲ. ಒಂದೇ ಒಂದು ಅಪವಾದ: ಅಷ್ಟರೊಳಗೆ ಅವನು ಗಾಯಗೊಂಡು ವೈದ್ಯಕೀಯ ಪರೀಕ್ಷೆಯಲ್ಲಿ ಪಾಸಾಗದೇ ಹೋದರೆ ಪೂರ್ತಿ ಹಣ ತೆರಬೇಕು.

ಗಾಯಗೊಂಡವನನ್ನು ಕಾಪಾಡಲೆಂದೇ ಬರೆದ ಸಾಲು ಅದು. ಅದೇ ಗ್ರಿಫಿನ್ ಅವರಿಗೆ ಮುಳುವಾಯಿತು. 2015ರ ಆಗಸ್ಟಿನ ಅಭ್ಯಾಸ ಪಂದ್ಯವೊಂದರಲ್ಲಿ ಅವರ ತಲೆಗೆ ಪೆಟ್ಟು ಬಿತ್ತು. ತಿಂಗಳ ಕೊನೆಗೆ ತರಬೇತುದಾರ ಜೇ ಗ್ರೂಡೆನ್ ಕಸಿನ್ಸ್ ಅವರನ್ನು ಸಾರಥಿಯನ್ನಾಗಿ ಘೋಷಿಸಿದರು. ಗೆಲುವಿಗೆ ಅದೇ ಒಳ್ಳೆಯ ದಾರಿ ಎಂಬುದು ಅವರ ವಾದ. ಅದು ಸುಳ್ಳಾಗಲೂ ಇಲ್ಲ, ಆ ವರ್ಷ ವಾಷಿಂಗ್ಟನ್ ತನ್ನ ಗುಂಪಿನಲ್ಲಿ ಅಗ್ರಸ್ಥಾನ ಗಳಿಸಿತು. ಆದರೆ ಗ್ರಿಫಿನ್ ಕೇವಲ ಎರಡನೆಯವರಾಗಲಿಲ್ಲ. ಆ ವರ್ಷದ ಹದಿನಾರು ಲೀಗ್ ಪಂದ್ಯಗಳಲ್ಲಿ ಒಂದು ಕ್ಷಣವೂ ಅವರು ಮೈದಾನಕ್ಕಿಳಿಯಲಿಲ್ಲ. ಇಳಿಸಿ, ಅವರ ಮೊಣಕಾಲು ಮತ್ತೆ ಮುರಿದಿದ್ದರೆ ತಂಡದ ಬೊಕ್ಕಸದಿಂದ 1 ಕೋಟಿ 61 ಲಕ್ಷ ಹೋಗುತ್ತಿತ್ತು. ಆಟವೊಂದೇ ಕಾರಣವೋ, ಈ ಲೆಕ್ಕವೂ ಸೇರಿತ್ತೋ ಎಂಬ ಚರ್ಚೆಗೆ ಅಂದಿನ ಪತ್ರಿಕೆಗಳಲ್ಲಿ ಕೊರತೆಯಿರಲಿಲ್ಲ. ಲೆಕ್ಕ ಬಲ್ಲವರಿಗೆ ಉತ್ತರ ಕಷ್ಟವಾಗಿಯೂ ಇರಲಿಲ್ಲ. 2016ರ ಮಾರ್ಚಿನಲ್ಲಿ, ಹೊಸ ವರ್ಷ ಹುಟ್ಟಲು ಎರಡು ದಿನವಿರುವಾಗ, ಆರೋಗ್ಯವಾಗಿದ್ದ ಗ್ರಿಫಿನ್ ಅವರನ್ನು ತಂಡ ಬಿಡುಗಡೆ ಮಾಡಿತು. ಅವರಿಗಾಗ 26 ವರ್ಷ. ಒಂದು ಆಪ್ಷನ್ ಚಲಾವಣೆಯಾದ ಮಾತ್ರಕ್ಕೆ ಒಬ್ಬ ಆಟಗಾರನ ಒಂದಿಡೀ ವರ್ಷ ಬೆಂಚಿನ ಮೇಲೆ ಕಳೆದುಹೋಯಿತು.

ಕಸಿನ್ಸ್ ಕತೆ ತಿರುಗುಮುರುಗು. ನಾಲ್ಕನೆಯ ಸುತ್ತಿನವರಾದ್ದರಿಂದ ಅವರ ಮೇಲೆ ತಂಡಕ್ಕೆ ಆಪ್ಷನ್ ಇರಲಿಲ್ಲ. ನಾಲ್ಕು ವರ್ಷ ಮುಗಿಯುತ್ತಿದ್ದಂತೆ ಅವರು ಸ್ವತಂತ್ರರಾಗಬೇಕಿತ್ತು. ಆಗ ತಂಡ ಬಳಸಿದ್ದು ಇನ್ನೊಂದು ಅಸ್ತ್ರವನ್ನು, ‘ಫ್ರಾಂಚೈಸ್ ಟ್ಯಾಗ್’ ಎಂಬ ಮುದ್ರೆಯನ್ನು. ಕರಾರು ಮುಗಿದವನೊಬ್ಬನನ್ನು, ಆ ಸ್ಥಾನದ ಮೇಲಿನ ಐವರ ಸಂಬಳಕ್ಕೆ ಹೊಂದಿಸಿ, ಒಂದು ವರ್ಷ ಹಿಡಿದಿಡುವ ಹಕ್ಕು ಅದು. 2016ಕ್ಕೆ ಸುಮಾರು 2 ಕೋಟಿ, 2017ಕ್ಕೆ ಮತ್ತೆ ಮುದ್ರೆಯೊತ್ತಿ 2 ಕೋಟಿ 39 ಲಕ್ಷ. 2018ರಲ್ಲಿ ಮಿನ್ನೆಸೋಟಾ ತಂಡ ಮೂರು ವರ್ಷಕ್ಕೆ 8.4 ಕೋಟಿ ಡಾಲರನ್ನು, ಅಷ್ಟೂ ಖಾತರಿಯಾಗಿ, ಅವರಿಗೆ ಕೊಟ್ಟಿತು. ಫುಟ್‌ಬಾಲಿನಲ್ಲಿ ಬಹುಪಾಲು ಕರಾರುಗಳ ದೊಡ್ಡ ಅಂಕಿಗಳು ಬರೀ ತೋರಿಕೆಯವು, ತಂಡ ನಡುವೆಯೇ ಕೈಬಿಟ್ಟರೆ ಉಳಿದ ಹಣ ಇಲ್ಲ. ಹಾಗಿರುವಾಗ ನೂರೆರಡನೆಯವರಾಗಿ ಬಂದವರೊಬ್ಬರು ಪೂರ್ತಿ ಖಾತರಿ ಪಡೆದದ್ದು ದೊಡ್ಡ ಸುದ್ದಿಯಾಯಿತು.

ಭಾರ ಆ ಕಡೆಯಿಂದ ಈ ಕಡೆಗೆ

2020ರ ಹೊಸ ಒಪ್ಪಂದದಲ್ಲಿ ಆಟಗಾರರ ಸಂಘ ಈ ಗಂಟನ್ನು ಬಿಡಿಸಿತು. 2018ರ ಡ್ರಾಫ್ಟಿನವರಿಂದ ಮೊದಲುಗೊಂಡು, ಆಪ್ಷನ್ ಚಲಾಯಿಸಿದ ಕ್ಷಣವೇ ಐದನೆಯ ವರ್ಷದ ಸಂಬಳ ಪೂರ್ತಿ ಖಾತರಿ. ಗಾಯವಾಗಲಿ, ಆಟ ಕೆಡಲಿ, ತಂಡ ಕೊಡಲೇಬೇಕು. ಬೆಲೆಗೂ ಆಟಕ್ಕೂ ನಂಟು ಬೆಸೆಯಿತು. ಮೊದಲ ಮೂರು ವರ್ಷದಲ್ಲಿ ಲೀಗಿನ ತಾರೆಗಳ ತಂಡವಾದ ‘ಪ್ರೊ ಬೌಲ್’ಗೆ ಎರಡು ಸಲ ಆಯ್ಕೆಯಾದವನಿಗೆ ಫ್ರಾಂಚೈಸ್ ಟ್ಯಾಗ್‌ನಷ್ಟು, ಒಂದು ಸಲವಾದರೆ ಮೇಲಿನ ಹತ್ತು ಮಂದಿಯ ಸರಾಸರಿ. ತಾರೆಯಾಗದಿದ್ದರೂ ತಂಡದ ಆಟದ ಬಹುಪಾಲು ಹೊತ್ತು ಮೈದಾನದಲ್ಲಿದ್ದವನಿಗೆ ಮೂರರಿಂದ ಇಪ್ಪತ್ತನೆಯವನ ತನಕದ ಸರಾಸರಿ, ಉಳಿದವರಿಗೆ ಮೂರರಿಂದ ಇಪ್ಪತ್ತೈದು. ಇನ್ನೊಬ್ಬರು ಬರಲಾಗದೆ ಬದಲಿಯಾಗಿ ಪ್ರೊ ಬೌಲ್‌ಗೆ ಹೋದದ್ದು ಲೆಕ್ಕಕ್ಕಿಲ್ಲ ಎಂದೂ ಬರೆದಿದ್ದಾರೆ.

ಹೊಸ ನಿಯಮದ ಬಿಸಿ ಮೊದಲು ತಟ್ಟಿದ್ದು ಕ್ಲೀವ್‌ಲ್ಯಾಂಡ್ ತಂಡಕ್ಕೆ. 2018ರ ಮೊದಲ ಆಯ್ಕೆಯಾದ ಬೇಕರ್ ಮೇಫೀಲ್ಡ್ 2020ರಲ್ಲಿ ತಂಡವನ್ನು ಬಹುಕಾಲದ ಮೇಲೆ ನಾಕೌಟಿಗೆ ಒಯ್ದರು. ಖುಷಿಯಾದ ತಂಡ 2021ರ ಏಪ್ರಿಲ್‌ನಲ್ಲಿ ಆಪ್ಷನ್ ಚಲಾಯಿಸಿತು, 2022ಕ್ಕೆ ಸುಮಾರು 1 ಕೋಟಿ 89 ಲಕ್ಷ ಡಾಲರ್. ಸೆಪ್ಟೆಂಬರಿನಲ್ಲಿ ಮೇಫೀಲ್ಡ್ ಎಡಭುಜಕ್ಕೆ ಪೆಟ್ಟಾಯಿತು, ನೋವಿನಲ್ಲೇ ಆಡಿದರು, ಆಟ ಕುಸಿಯಿತು. 2022ರ ಮಾರ್ಚಿನಲ್ಲಿ ತಂಡ ಇನ್ನೊಬ್ಬ ಸಾರಥಿಯನ್ನು ತಂದಿತು. ಬೇಡವಾದವರ ಸಂಬಳ ಮಾತ್ರ ಬಿಡಲಿಲ್ಲ. ಕೊನೆಗೆ ಜುಲೈಯಲ್ಲಿ ಅವರನ್ನು ಕ್ಯಾರೊಲಿನಾ ತಂಡಕ್ಕೆ ದಾಟಿಸುವಾಗ ಕ್ಲೀವ್‌ಲ್ಯಾಂಡ್ ತನ್ನ ಕೈಯಿಂದ ಸುಮಾರು 1 ಕೋಟಿ 5 ಲಕ್ಷ ಕೊಟ್ಟಿತು, ಮೇಫೀಲ್ಡ್ ತಾವೇ 35 ಲಕ್ಷದಷ್ಟು ಬಿಟ್ಟುಕೊಟ್ಟರು.

ಅಲ್ಲಿಂದ ತಂಡಗಳ ಕೈ ಬಿಗಿಯಾಯಿತು. 2021ರ ಡ್ರಾಫ್ಟಿನ ಮೊದಲ ಸುತ್ತಿನಲ್ಲಿ ಐವರು ಕ್ವಾರ್ಟರ್‌ಬ್ಯಾಕ್‌ಗಳು ಆಯ್ಕೆಯಾಗಿದ್ದರು. ಮೂರು ವರ್ಷದ ಮೇಲೆ ಆಪ್ಷನ್ ಸಿಕ್ಕಿದ್ದು ಮೊದಲನೆಯವರಾದ ಟ್ರೆವರ್ ಲಾರೆನ್ಸ್ ಒಬ್ಬರಿಗೆ. ಉಳಿದ ನಾಲ್ವರು ಆ ಹೊತ್ತಿಗೆ ತಮ್ಮನ್ನು ಆರಿಸಿದ ತಂಡದಲ್ಲೇ ಇರಲಿಲ್ಲ.

ಬಿಡುವುದೂ ಸುಲಭವಲ್ಲ. ನ್ಯೂಯಾರ್ಕ್ ಜಯಂಟ್ಸ್ ತಂಡ 2022ರಲ್ಲಿ ಡೇನಿಯಲ್ ಜೋನ್ಸ್ ಅವರ ಆಪ್ಷನ್ ಬೇಡವೆಂದಿತು. ಬೇಕೆಂದಿದ್ದರೆ ಸುಮಾರು 2 ಕೋಟಿ 24 ಲಕ್ಷಕ್ಕೆ 2023ರ ವರ್ಷ ತಂಡದ್ದಾಗುತ್ತಿತ್ತು. ಬೇಡವೆನಿಸಿಕೊಂಡ ಜೋನ್ಸ್ ಆ ವರ್ಷ ಹಿಂದೆಂದಿಗಿಂತ ಚೆನ್ನಾಗಿ ಆಡಿ ತಂಡವನ್ನು ನಾಕೌಟಿಗೆ ಮುಟ್ಟಿಸಿದರು. ಒತ್ತಡಕ್ಕೆ ಸಿಕ್ಕ ತಂಡ 2023ರ ಮಾರ್ಚಿನಲ್ಲಿ ನಾಲ್ಕು ವರ್ಷಕ್ಕೆ 16 ಕೋಟಿಯ ಕರಾರು ಬರೆದುಕೊಟ್ಟು, 2024ರ ನವೆಂಬರಿನಲ್ಲಿ ಅವರನ್ನು ಕೈಬಿಟ್ಟಿತು. ಒಂದು ವರ್ಷದ ಬೆಲೆ ದುಬಾರಿಯೆಂದವರು ಅದಕ್ಕಿಂತ ಎಷ್ಟೋ ಹೆಚ್ಚು ತೆತ್ತರು.

ಗ್ರೀನ್‌ಬೇ ತಂಡ ನಡುವಿನ ಹಾದಿಯೊಂದನ್ನು ಕಂಡುಕೊಂಡಿತು. 2020ರಲ್ಲಿ ಆರಿಸಿದ ಜೋರ್ಡನ್ ಲವ್ ಹಿರಿಯ ಆಟಗಾರ ಆ್ಯರನ್ ರಾಜರ್ಸ್ ನೆರಳಿನಲ್ಲಿ ಕೂತು ಮೂರು ವರ್ಷದಲ್ಲಿ ಆರಂಭದಿಂದ ಆಡಿದ್ದು ಒಂದೇ ಪಂದ್ಯ. ಅಷ್ಟನ್ನು ನೋಡಿ 2 ಕೋಟಿಗೂ ಹೆಚ್ಚು ಹಣಕ್ಕೆ ಖಾತರಿ ಕೊಡುವುದು ಹೇಗೆ? ಬೇಡವೆನ್ನುವುದು ಹೇಗೆ? 2023ರ ಮೇಯಲ್ಲಿ ಇಬ್ಬರೂ ಮಾತಾಡಿ ಆಪ್ಷನ್ ಬದಿಗಿಟ್ಟು, 1.35 ಕೋಟಿ ಖಾತರಿಯ, ಚೆನ್ನಾಗಿ ಆಡಿದರೆ 2.25 ಕೋಟಿಯವರೆಗೆ ಏರಬಹುದಾದ ಒಂದು ವರ್ಷದ ವಿಸ್ತರಣೆಗೆ ಒಪ್ಪಿದರು. ಲವ್ ಆಡಿ ತೋರಿಸಿದರು, ಮರುವರ್ಷ ದೊಡ್ಡ ಕರಾರೇ ಬಂತು. ಈ ಇಡೀ ಪ್ರಕರಣದಲ್ಲಿ ಆಟಗಾರನನ್ನು ಕೂರಿಸಿಕೊಂಡು ಕೇಳಿದ ಅಪರೂಪದ ಸಂದರ್ಭ ಇದು.

ಆಪ್ಷನ್‌ನಿಂದಾಗಿ ಡ್ರಾಫ್ಟಿನ ಮೊದಲ ರಾತ್ರಿಯ ಕೊನೆಯ ಸರದಿಗೆ ವಿಶೇಷ ಬೆಲೆ ಬಂದಿದೆ. 32ನೆಯವನಿಗೂ 33ನೆಯವನಿಗೂ ಆಟದಲ್ಲಿ ಕೂದಲೆಳೆಯ ಅಂತರವಿರಬಹುದು, ಆದರೆ ಮೊದಲಿನವನು ಐದು ವರ್ಷ ತಂಡದವನು, ಎರಡನೆಯವನು ನಾಲ್ಕೇ ವರ್ಷ. 2018ರಲ್ಲಿ ಬಾಲ್ಟಿಮೋರ್ ತಂಡ ಸರದಿ ಕೊಂಡುಕೊಂಡು 32ನೆಯವರಾಗಿ ಲಮಾರ್ ಜಾಕ್ಸನ್ ಅವರನ್ನು ಆರಿಸಿತು. ಮರುವರ್ಷವೇ ಅವರು ಲೀಗಿನ ಅತ್ಯಮೂಲ್ಯ ಆಟಗಾರರಾದರು. 2022ರಲ್ಲಿ ಸುಮಾರು 2 ಕೋಟಿ 30 ಲಕ್ಷಕ್ಕೆ ತಂಡಕ್ಕೆ ಅವರ ಐದನೆಯ ವರ್ಷ ಸಿಕ್ಕಿತು. ಇನ್ನು ಏಳನೆಯ ಸುತ್ತಿನ ಕಟ್ಟಕಡೆಯವರಾಗಿ, 262ನೆಯವರಾಗಿ, 2022ರಲ್ಲಿ ಬಂದ ಬ್ರಾಕ್ ಪರ್ಡಿ ಮರುವರ್ಷ ಸ್ಯಾನ್‌ಫ್ರಾನ್ಸಿಸ್ಕೊ ತಂಡವನ್ನು ಅಂತಿಮ ಪಂದ್ಯವಾದ ಸೂಪರ್ ಬೌಲ್‌ಗೆ ಒಯ್ದಾಗ ಅವರ ಸಂಬಳ 8 ಲಕ್ಷ 70 ಸಾವಿರ ಡಾಲರ್. ಆಪ್ಷನ್ ಇಲ್ಲದ್ದು ಅವರ ಪಾಲಿಗೆ ವರವಾಯಿತು. ಮೂರು ವರ್ಷ ತುಂಬಿದೊಡನೆ, 2025ರಲ್ಲಿ, ತಂಡ ಐದು ವರ್ಷಕ್ಕೆ 26.5 ಕೋಟಿಯ ಕರಾರು ಮುಂದಿಡಬೇಕಾಯಿತು.

ಸ್ಥಾನಕ್ಕೆ ಕಟ್ಟಿದ ಬೆಲೆ

ಆಪ್ಷನ್‌ನ ಬೆಲೆ ನಿರ್ಧಾರವಾಗುವುದು ಆಟಗಾರ ನಿಲ್ಲುವ ಸ್ಥಾನದಿಂದ. ಇದರಲ್ಲೂ ಒಂದು ವಕ್ರವಿದೆ. ಸಾರಥಿಗೆ ರಕ್ಷಣೆ ಕೊಡುವ ಐವರು ದೈತ್ಯರ ಸಾಲಿನಲ್ಲಿ ಅಂಚಿನವರಿಗೆ ಮಾರುಕಟ್ಟೆಯಲ್ಲಿ ಹೆಚ್ಚು ಬೆಲೆ, ನಡುವೆ ನಿಲ್ಲುವ ಸೆಂಟರ್‌ಗೆ ಕಡಿಮೆ. ಕರಾರು ಮಾತ್ರ ಐವರನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಬಾಲ್ಟಿಮೋರಿನ ಸೆಂಟರ್ ಟೈಲರ್ ಲಿಂಡರ್‌ಬಾಮ್ ಎರಡು ಸಲ ಪ್ರೊ ಬೌಲ್‌ಗೆ ಹೋದದ್ದರಿಂದ ಅವರ ಐದನೆಯ ವರ್ಷದ ಬೆಲೆ 2 ಕೋಟಿ 34 ಲಕ್ಷಕ್ಕೆ ಏರಿತು. ಆಗ ಅತಿ ಹೆಚ್ಚು ಪಡೆಯುತ್ತಿದ್ದ ಸೆಂಟರ್‌ನ ವರ್ಷದ ಸರಾಸರಿಯೇ 1 ಕೋಟಿ 80 ಲಕ್ಷ. 2025ರಲ್ಲಿ ತಂಡ ಆಪ್ಷನ್ ಬೇಡವೆಂದಿತು. ಅವರು ಕಳಪೆಯಾಗಿ ಆಡಿದ್ದಕ್ಕಲ್ಲ, ತೀರ ಚೆನ್ನಾಗಿ ಆಡಿದ್ದಕ್ಕೆ.

ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್‌ಗಳ ಪಾಡು ಇದಕ್ಕೆ ವಿರುದ್ಧ. ಅತಿ ಹೆಚ್ಚು ಪೆಟ್ಟು ತಿನ್ನುವವರು ಅವರೇ. ಅವರ ಕಾಲುಗಳಿಗೆ ಮೂವತ್ತು ಎಂದರೆ ಮುಪ್ಪು. ಅವರ ಸ್ಥಾನದ ಸಂಬಳ ಮೊದಲೇ ಇಳಿದಿರುವುದರಿಂದ ಆಪ್ಷನ್ ತಂಡಕ್ಕೆ ಅಗ್ಗ, ಅವರಿಗೆ ತುಟ್ಟಿ. ಒಳ್ಳೆಯ ವರ್ಷಗಳೆಲ್ಲ ಕರಾರಿನೊಳಗೇ ಕಳೆದುಹೋಗುತ್ತವೆ.

ಸಾಕ್ವಾನ್ ಬಾರ್ಕ್ಲಿ 2018ರ ಎರಡನೆಯ ಆಯ್ಕೆ, ಜಯಂಟ್ಸ್ ತಂಡದವರು. ಮೊದಲ ವರ್ಷವೇ ಶ್ರೇಷ್ಠ ಹೊಸಬರೆನಿಸಿದರು. 2020ರಲ್ಲಿ ಮೊಣಕಾಲಿನ ಸ್ನಾಯು ಹರಿಯಿತು. ಹಾಗಿದ್ದೂ 2021ರಲ್ಲಿ ತಂಡ ಆಪ್ಷನ್ ಚಲಾಯಿಸಿತು, 2022ಕ್ಕೆ 72 ಲಕ್ಷ ಡಾಲರ್. ಅಂದಿನ ಸಾರಥಿಗಳ ಆಪ್ಷನ್‌ಗೆ ಹೋಲಿಸಿದರೆ ಅರ್ಧವೂ ಅಲ್ಲ. ಆ ವರ್ಷ ಅವರು 1,312 ಗಜ ಓಡಿದರು. ಈಗಲಾದರೂ ಸ್ವತಂತ್ರರಾಗುತ್ತಾರೆ ಎನ್ನುವಾಗ 2023ರಲ್ಲಿ ತಂಡ ಟ್ಯಾಗ್ ಮುದ್ರೆ ಒತ್ತಿತು, ಸುಮಾರು 1 ಕೋಟಿಗೆ ಆರನೆಯ ವರ್ಷವೂ ಅಲ್ಲೇ ಕಳೆಯಿತು. ದೀರ್ಘ ಕರಾರಿನ ಮಾತುಕತೆ ಮುರಿದುಬಿತ್ತು. ಕೊನೆಗೂ ಯಾರ ಬಾಗಿಲಿಗಾದರೂ ಹೋಗಬಹುದು ಎನ್ನುವ ದಿನ ಬಂದದ್ದು 2024ರ ಮಾರ್ಚಿನಲ್ಲಿ, ಅವರಿಗೆ 27 ತುಂಬಿದ ಮೇಲೆ. ಬಾರ್ಕ್ಲಿ ಹೋದದ್ದು ಅದೇ ಗುಂಪಿನ ಹಳೆಯ ಎದುರಾಳಿ ಫಿಲಡೆಲ್ಫಿಯಾ ಈಗಲ್ಸ್‌ಗೆ, ಮೂರು ವರ್ಷಕ್ಕೆ 3 ಕೋಟಿ 77 ಲಕ್ಷಕ್ಕೆ. ಆ ವರ್ಷ ಅವರು ಓಡಿದ್ದು 2,005 ಗಜ. 2025ರ ಫೆಬ್ರುವರಿ 9ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ಈಗಲ್ಸ್ ತಂಡ ಕ್ಯಾನ್ಸಸ್ ಸಿಟಿಯನ್ನು 40-22ರಿಂದ ಸೋಲಿಸಿ ಸೂಪರ್ ಬೌಲ್ ಗೆದ್ದಿತು. ಅಂದು ಬಾರ್ಕ್ಲಿ ಅವರ ಇಪ್ಪತ್ತೆಂಟನೆಯ ಹುಟ್ಟುಹಬ್ಬ.